ಮಗಳು ಕುಸ್ತಿ ಆಡ್ತೀನಿ ಅಂದರೆ ಮೊದಲು ಮನೆಗೊಂದು ತೂಕದ ಕಾಟಾ ತನ್ನಿ

ಕಲಬುರಗಿ ಸೀಮೆಯಲ್ಲಿ ನಾಗರ ಪಂಚಮಿಗೋ ಊರ ಜಾತ್ರೆಗೋ ಕುಸ್ತಿ ಕಣ ಹದಗೊಳ್ಳುತ್ತದೆ. ಮೊದಲು ಚಿಕ್ಕ ಹುಡುಗರ ತೆಂಗಿನಕಾಯಿ ಕುಸ್ತಿ, ಆಮೇಲೆ ನಗದಿನ ಕುಸ್ತಿ, ಹೊತ್ತು ಇಳಿಯುವಾಗ ಬೆಳ್ಳಿ ಕಡಗದ ಜೋಡಿ. ಮಾಳಿಗೆ ಮೇಲೆ ನಿಂತು ನೋಡುತ್ತಿದ್ದ ಹುಡುಗಿಯರಲ್ಲಿ ಒಬ್ಬಿಬ್ಬರು ಈಗೀಗ ಮನೆಗೆ ಬಂದು ‘ನಾನೂ ಆಡ್ತೀನಿ’ ಅನ್ನತೊಡಗಿದ್ದಾರೆ. ಆಗ ಮನೆಯವರು ಕುಸ್ತಿ ಕಲಿಸುವ ವಸ್ತಾದರ ಮುಂದೆ ಇಡುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ಊರಲ್ಲೂ ಒಂದೇ. ‘ಕಿವಿ ಮುರದ್ರ ಲಗ್ನ ಹ್ಯಾಂಗ್ರಿ?’ ‘ಖುರಾಕಿಗಿ ಎಷ್ಟ್ ಖರ್ಚ ಬರ್ತದ್ರಿ?’ ‘ಮುಂದ ನೌಕರಿ ಸಿಗ್ತದೇನ್ರಿ?’

ಮೂರೂ ಸರಿಯಾದ ಪ್ರಶ್ನೆಗಳೇ, ಉತ್ತರವೂ ಇದೆ. ಆದರೆ ಹೆಣ್ಣುಮಗಳ ಕುಸ್ತಿ ಹೆಚ್ಚಾಗಿ ಮುರಿದು ಬೀಳುವುದು ಯಾರೂ ಕೇಳದ ನಾಲ್ಕನೆಯ ಪ್ರಶ್ನೆಯಲ್ಲಿ: ಅವಳ ತೂಕದ ಲೆಕ್ಕ ಇಡುವವರು ಯಾರು? ಕಣದಲ್ಲಿ ವಸ್ತಾದ ಇರುತ್ತಾರೆ, ಸರಿ. ಉಳಿದ ಇಪ್ಪತ್ತು ಗಂಟೆ ಅವಳು ಇರುವುದು ಮನೆಯಲ್ಲಿ, ಅಡುಗೆಮನೆಯ ಸುತ್ತಮುತ್ತ. ಅದಕ್ಕೇ ಈ ಬರಹದ ಬಹುಪಾಲು ಪಟ್ಟುಗಳ ಬಗ್ಗೆ ಇಲ್ಲ, ಮನೆಯ ಬಗ್ಗೆ ಇದೆ.

ಮಹಾವೀರ್ ಸಿಂಗ್ ಫೋಗಟ್ ಅವರ ಮನೆತನದ ಕಥೆ ಎಲ್ಲರಿಗೂ ಗೊತ್ತು. ಹರಿಯಾಣದ ಬಲಾಲಿ ಊರು, ತಾನೇ ಪೈಲ್ವಾನನಾಗಿದ್ದ ತಂದೆ, ಮಣ್ಣಿನ ಕಣದಲ್ಲಿ ಹುಡುಗರ ಜೊತೆ ಪಳಗಿದ ಹೆಣ್ಣುಮಕ್ಕಳು. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ 55 ಕೆಜಿ ವಿಭಾಗದಲ್ಲಿ ಗೀತಾ ಚಿನ್ನ ಗೆದ್ದರು. ಆ ಕೂಟದ ಕುಸ್ತಿಯಲ್ಲಿ ಭಾರತದ ಹೆಣ್ಣುಮಗಳೊಬ್ಬಳು ಗೆದ್ದ ಮೊದಲ ಚಿನ್ನ ಅದು. ತಂಗಿ ಬಬಿತಾಗೆ ಅದೇ ಕೂಟದಲ್ಲಿ ಬೆಳ್ಳಿ, 2014ರಲ್ಲಿ ಚಿನ್ನ. ಚಿಕ್ಕವಳಿದ್ದಾಗಲೇ ತಂದೆಯನ್ನು ಕಳೆದುಕೊಂಡ ವಿನೇಶ್ ಬೆಳೆದದ್ದೂ ಈ ದೊಡ್ಡಪ್ಪನ ಕಣದಲ್ಲೇ. ಈ ಕಥೆ ಕೇಳಿ ನಮ್ಮ ಕಡೆಯ ಅಪ್ಪಂದಿರು ‘ನಸುಕಿಗೆ ಎಬ್ಬಿಸಿ ಓಡಿಸಿದರಾಯ್ತು’ ಅಂದುಕೊಳ್ಳುತ್ತಾರೆ. ಅಲ್ಲ. ಆ ಮನೆಯಲ್ಲಿ ಕುಸ್ತಿ ಬಲ್ಲವರೇ ಯಜಮಾನರಾಗಿದ್ದರು. ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ಆ ತಿಳಿವಳಿಕೆಯನ್ನು ಹೊರಗಿನಿಂದ ತಂದುಕೊಳ್ಳಬೇಕು.

ಹಿಸಾರ್ ಜಿಲ್ಲೆಯ ಭಗಾನಾ ಊರಿನ ಅಂತಿಮ್ ಪಂಘಾಲ್ ಅವರ ಮನೆ ನಮಗೆ ಇನ್ನೂ ಹತ್ತಿರದ್ದು. ಸಾಲಾಗಿ ಹೆಣ್ಣು ಹುಟ್ಟಿದ ಮನೆಯಲ್ಲಿ ‘ಇದೇ ಕೊನೆಯದಾಗಲಿ’ ಅಂತ ಇಟ್ಟ ಹೆಸರು ಅಂತಿಮ್. ನಮ್ಮ ಹಳ್ಳಿಗಳ ಸಾಕವ್ವಂದಿರನ್ನು ಬಲ್ಲವರಿಗೆ ಈ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. 2022ರಲ್ಲಿ ಅದೇ ಹುಡುಗಿ 53 ಕೆಜಿ ವಿಭಾಗದಲ್ಲಿ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆದಳು. ಭಾರತದ ಹೆಣ್ಣುಮಕ್ಕಳಲ್ಲಿ ಅವಳೇ ಮೊದಲಿಗಳು. ಮರುವರ್ಷ ಮತ್ತೆ ಅದೇ ಚಿನ್ನ. ಅವಳ ಅಭ್ಯಾಸಕ್ಕಾಗಿ ಮನೆಯವರು ಹಳ್ಳಿ ಬಿಟ್ಟು ಹಿಸಾರ್ ಪಟ್ಟಣಕ್ಕೆ ಬಂದು ನೆಲೆಸಿದರು.

ಇನ್ನು ತೂಕದ ಮಾತು.

ಈಗ ಹೆಣ್ಣುಮಕ್ಕಳ ಸೀನಿಯರ್ ಕುಸ್ತಿಯಲ್ಲಿ ಹತ್ತು ತೂಕಗಳಿವೆ: 50, 53, 55, 57, 59, 62, 65, 68, 72, 76 ಕೆಜಿ. ಇವುಗಳಲ್ಲಿ 50, 53, 57, 62, 68, 76 ಈ ಆರು ಮಾತ್ರ ಒಲಿಂಪಿಕ್ಸ್‌ಗೆ. ಹುಡುಗಿ 54 ಕೆಜಿ ಇದ್ದಳೆನ್ನಿ. 53ಕ್ಕೆ ಇಳಿಯಬೇಕೋ 57ಕ್ಕೆ ಬೆಳೆಯಬೇಕೋ ಅನ್ನುವುದು ಮೂರು ಕೆಜಿಯ ಮಾತಲ್ಲ, ಮೂರು ವರ್ಷದ ಮಾತು. ಹದಿನೈದು ವರ್ಷದ ಹುಡುಗಿ ಇನ್ನೂ ಬೆಳೆಯುತ್ತಿದ್ದರೆ ಬೆಳೆಯಲು ಬಿಡಿ. ಹದಿನಾರು ತುಂಬುವ ಮುಂಚೆ ತೂಕ ಇಳಿಸುವ ಗೊಡವೆಯೇ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ತಾಲ್ಲೂಕು ಮಟ್ಟದ ಒಂದು ಸರ್ಟಿಫಿಕೇಟಿಗಾಗಿ ಊಟ ಬಿಡಿಸಿ ಆಡಿಸಿದ ಹುಡುಗಿಯ ಎತ್ತರ, ಎಲುಬು, ತಿಂಗಳ ಮುಟ್ಟು ಎಲ್ಲದಕ್ಕೂ ಪೆಟ್ಟು ಬೀಳುತ್ತದೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಏನಾಯಿತೆಂದು ಸರಿಯಾಗಿ ಅರ್ಥ ಮಾಡಿಕೊಂಡವರು ಕಡಿಮೆ. ವಿನೇಶ್ ಮೊದಲು 53 ಕೆಜಿಯಲ್ಲಿ ಆಡುತ್ತಿದ್ದವರು. ಆ ತೂಕದಲ್ಲಿ ಭಾರತಕ್ಕಿದ್ದ ಒಂದೇ ಒಲಿಂಪಿಕ್ ಸ್ಥಾನವನ್ನು (ಕೋಟಾ) ಅಂತಿಮ್ ಗೆದ್ದಿದ್ದರಿಂದ 50ಕ್ಕೆ ಇಳಿದರು. ಆಗಸ್ಟ್ 6ರ ಬೆಳಿಗ್ಗೆ ತೂಕ ಸರಿಯಾಗಿಯೇ ಇತ್ತು. ಅಂದು ಮೂರು ಕುಸ್ತಿ. ಮೊದಲನೆಯದರಲ್ಲೇ, ಅಂತರರಾಷ್ಟ್ರೀಯ ಕಣದಲ್ಲಿ ಅಲ್ಲಿಯವರೆಗೆ ಸೋಲು ಕಾಣದ ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿದರು. ಕುಸ್ತಿಗಳ ನಡುವೆ ನೀರು, ಆಹಾರ ತೆಗೆದುಕೊಳ್ಳದಿದ್ದರೆ ಎದ್ದು ನಿಲ್ಲಲೂ ಆಗದು. ತೆಗೆದುಕೊಂಡರೆ ಬಾಡಿದ ಮೈ ಅಷ್ಟನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಸಂಜೆಗೆ ತೂಕ ಎರಡೂವರೆ ಕೆಜಿಗೂ ಮೇಲೆ ಏರಿತ್ತು. ಫೈನಲ್‌ಗೆ ಬಂದವರು ಎರಡನೇ ದಿನ ಬೆಳಿಗ್ಗೆ ಮತ್ತೆ ಕಾಟಾ ಹತ್ತಬೇಕು. ಮೊದಲ ದಿನ ತೂಕಕ್ಕೆ ಅರ್ಧ ಗಂಟೆ ಸಮಯ ಇರುತ್ತದೆ, ಎರಡನೇ ದಿನ ಹದಿನೈದೇ ನಿಮಿಷ. ರಾತ್ರಿಯಿಡೀ ಬೆವರಿಳಿಸಿ, ಕೂದಲು ಕತ್ತರಿಸಿದರೂ ನೂರು ಗ್ರಾಂ ಉಳಿದೇಬಿಟ್ಟಿತು. ನೂರು ಗ್ರಾಂ ಅಂದರೆ ಅರ್ಧ ಲೋಟ ನೀರು. ನಿಯಮದಂತೆ ಅವರಿಗೆ ಬೆಳ್ಳಿಯೂ ಇಲ್ಲ, ಪಟ್ಟಿಯಲ್ಲಿ ಕೊನೆಯ ಸ್ಥಾನ.

ಇದನ್ನು ಬರೀ ದುರದೃಷ್ಟ ಅಂದುಬಿಡುವುದು ಸುಲಭ. ಮೈಯ ಸಹಜ ತೂಕಕ್ಕೂ ಆಡುವ ತೂಕಕ್ಕೂ ಅಂತರ ಹೆಚ್ಚಿದ್ದಷ್ಟೂ ಎರಡನೇ ದಿನದ ಕಾಟಾ ಕಠಿಣ. ಮೊದಲ ದಿನ ನೀರು ಬಸಿದು ಹೇಗೋ ದಾಟಬಹುದು. ಎರಡನೇ ದಿನಕ್ಕೆ ಬಸಿಯಲು ಬೆವರೇ ಉಳಿದಿರುವುದಿಲ್ಲ.

ಹಾಗಾಗಿ ಮನೆಗೆ ಬೇಕಾದ ಮೊದಲ ಸಾಮಾನು ಶೂ ಅಲ್ಲ, ಡಿಜಿಟಲ್ ಕಾಟಾ. 100 ಗ್ರಾಂವರೆಗೆ ತೋರಿಸುವಂಥದ್ದು ಸಾಕು. ಹಾಸಿಗೆಯ ಮೇಲೆ, ಚಾಪೆಯ ಮೇಲೆ ಇಟ್ಟರೆ ಸುಳ್ಳು ಹೇಳುತ್ತದೆ. ಸಪಾಟಾದ ಶಹಾಬಾದ್ ಕಲ್ಲಿನ ಮೇಲೆ, ದಿನಾ ಅದೇ ಜಾಗದಲ್ಲಿ ಇಡಬೇಕು. ತಿಂಗಳಿಗೊಮ್ಮೆ ಕಿರಾಣಿ ಅಂಗಡಿಯಿಂದ ಸೀಲು ಹೊಡೆದ ಐದು ಕೆಜಿ ತೂಕದ ಕಲ್ಲು ಇಸಿದುಕೊಂಡು ಬನ್ನಿ. ಹುಡುಗಿ ಬರಿಗೈಯಲ್ಲಿ ನಿಂತಾಗ ಎಷ್ಟು, ಕಲ್ಲು ಹಿಡಿದು ನಿಂತಾಗ ಎಷ್ಟು ನೋಡಿ. ವ್ಯತ್ಯಾಸ ಸರಿಯಾಗಿ 5.0 ಬರಬೇಕು. 4.8 ಬಂದರೆ ಕಾಟಾ ಬದಲಿಸಿ. ಮನೆ ಕಾಟಾ ನಂಬಿ ಹೋಗಿ ಅಲ್ಲಿ ಇನ್ನೂರು ಗ್ರಾಂ ಹೆಚ್ಚು ಬಂದು, ತೂಕದ ಸಾಲಿನಲ್ಲಿ ಅಳುತ್ತ ನಿಂತ ಹುಡುಗಿಯರು ಪ್ರತಿ ಪಂದ್ಯದಲ್ಲೂ ಇರುತ್ತಾರೆ.

ನಸುಕಿಗೆ ಎದ್ದು, ಶೌಚ ಮುಗಿಸಿ, ಏನೂ ಕುಡಿಯುವ ಮುಂಚೆ ನೋಡಿದ್ದು ಆ ದಿನದ ತೂಕ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕ, ತೂಕ, ನಿದ್ದೆ ಎಷ್ಟು ತಾಸು, ಮುಟ್ಟಿನ ದಿನ ಇಷ್ಟನ್ನು ಬರೆದಿಡಿ. ಮುಟ್ಟಿಗೆ ಮುಂಚಿನ ನಾಲ್ಕಾರು ದಿನ ಮೈಯಲ್ಲಿ ನೀರು ನಿಂತು ಕೆಲವರಿಗೆ ಒಂದು ಕೆಜಿ, ಕೆಲವರಿಗೆ ಅದಕ್ಕೂ ಹೆಚ್ಚು ಏರುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಪುಸ್ತಕ ಇಲ್ಲದ ಮನೆಯಲ್ಲಿ ಇದನ್ನು ಕೊಬ್ಬು ಅಂದುಕೊಂಡು ಹುಡುಗಿಯ ರೊಟ್ಟಿ ಕಿತ್ತುಕೊಳ್ಳುತ್ತಾರೆ. ಮೂರು ತಿಂಗಳು ಮುಟ್ಟೇ ಆಗಲಿಲ್ಲವೆಂದರೆ ‘ಆಟಗಾರ್ತಿಯರಿಗೆ ಹಿಂಗ ಆಗ್ತದ’ ಅಂತ ಬಿಡಬೇಡಿ. ದುಡಿಮೆಗೆ ತಕ್ಕ ಊಟ ಸಿಗುತ್ತಿಲ್ಲ ಅಂತ ಮೈ ಹೇಳುವ ರೀತಿ ಅದು. ಸ್ತ್ರೀರೋಗ ವೈದ್ಯರಿಗೆ ತೋರಿಸಿ. ಹಾಗೇ ಬಿಟ್ಟರೆ ಮುಂದೆ ಎಲುಬಿನಲ್ಲಿ ಬಿರುಕು ಬರುತ್ತದೆ.

ಇಳಿಸಲೇಬೇಕೆಂದಿದ್ದರೆ ವಾರಕ್ಕೆ ಅರ್ಧ ಕೆಜಿ, ಅಷ್ಟೇ. ಎರಡು ಕೆಜಿಗೆ ಒಂದು ತಿಂಗಳು ಬೇಕು. ಕೊನೆಯ ಎರಡು ದಿನ ರೇನ್‌ಕೋಟ್ ತೊಡಿಸಿ ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಓಡಿಸುವವರಿದ್ದಾರೆ. 42 ಡಿಗ್ರಿಯಲ್ಲಿ ಅದು ಕಸರತ್ತಲ್ಲ, ಉಷ್ಣಾಘಾತಕ್ಕೆ ಕೊಟ್ಟ ಆಮಂತ್ರಣ. ಇನ್ನೊಂದು ಅಡ್ಡದಾರಿ ಮೆಡಿಕಲ್ ಅಂಗಡಿಯ ನೀರಿಳಿಸುವ ಮಾತ್ರೆ, ಫ್ಯೂರೋಸೆಮೈಡ್‌ನಂಥವು. ಅವು ಉದ್ದೀಪನ ಮದ್ದಿನ ನಿಷೇಧ ಪಟ್ಟಿಯಲ್ಲಿವೆ. ಒಂದು ಮಾತ್ರೆ ನುಂಗಿ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ವರ್ಷಗಟ್ಟಲೆ ಕಣದ ಹತ್ತಿರ ಸುಳಿಯುವ ಹಾಗಿಲ್ಲ. ‘ನನಗೆ ಗೊತ್ತಿರಲಿಲ್ಲ’ ಅನ್ನುವುದು ಅಲ್ಲಿ ನಡೆಯದು. ಹೆಸರಿಲ್ಲದ ಡಬ್ಬಿಯ ಶಕ್ತಿ ಪುಡಿ, ಚೂರ್ಣಗಳಿಗೂ ಇದೇ ಮಾತು.

ಖುರಾಕಿನ, ಅಂದರೆ ಪೈಲ್ವಾನರ ಊಟದ, ವಿಷಯದಲ್ಲಿ ನಮ್ಮ ಹಿರಿಯರ ಮಾತನ್ನು ಹುಡುಗಿಯರಿಗೆ ಹಾಗೇ ಅನ್ವಯಿಸಬಾರದು. 1954ರಲ್ಲಿ ಬರೋಡಾದಲ್ಲಿ ಬಾಬಾ ಪೈಲ್ವಾನರನ್ನು 1 ನಿಮಿಷ 34 ಸೆಕೆಂಡಿನಲ್ಲಿ ಚಿತ್ ಮಾಡಿದ ಹಮೀದಾ ಬಾನು ಅವರ ತೂಕ 108 ಕೆಜಿ, ದಿನದ ಹಾಲೇ ಐದೂವರೆ ಲೀಟರಿಗೂ ಹೆಚ್ಚು ಎಂದು ಅಂದಿನ ಪತ್ರಿಕೆಗಳು ಬರೆದವು. ಅಂಥ ಕುಸ್ತಿಯಲ್ಲಿ ತೂಕದ ವಿಭಾಗವಿರಲಿಲ್ಲ, ಮೈ ಬೆಳೆದಷ್ಟೂ ಲಾಭ. ಈಗಿನ ಮ್ಯಾಟ್ ಕುಸ್ತಿಯಲ್ಲಿ ಕೆಜಿಗೆ ಎಷ್ಟು ಬಲ ಅನ್ನುವುದೇ ಲೆಕ್ಕ. ಬಟ್ಟಲುಗಟ್ಟಲೆ ತುಪ್ಪ ಕುಡಿಸಿದರೆ ಹುಡುಗಿ ಎರಡು ವಿಭಾಗ ಮೇಲೆ ಹೋಗುತ್ತಾಳೆ, ಬಲ ಅಲ್ಲೇ ನಿಂತಿರುತ್ತದೆ. ಊಟದ ಚಮಚೆಯಲ್ಲಿ ಒಂದು ತುಪ್ಪ ಸಾಕು. ಅದರಲ್ಲೇ 135 ಕ್ಯಾಲೊರಿ ಆಯಿತು.

ಮೈಕಟ್ಟಿಗೆ ಬೇಕಾದದ್ದು ಪ್ರೋಟೀನು. ತೂಕದ ಪ್ರತಿ ಕೆಜಿಗೆ 1.6ರಿಂದ 2 ಗ್ರಾಂ ಅಂತ ಹಿಡಿದರೆ 53 ಕೆಜಿ ಹುಡುಗಿಗೆ ದಿನಕ್ಕೆ 85ರಿಂದ 106 ಗ್ರಾಂ. ಇದಕ್ಕೆ ಮೂರು ಸಾವಿರದ ಪುಡಿಡಬ್ಬಿ ಬೇಕೇ ಬೇಕು ಅನ್ನುವ ಅಂಗಡಿಯವರ ಮಾತು ಕೇಳುವ ಮುಂಚೆ ನಮ್ಮ ಅಡುಗೆಮನೆ ನೋಡಿ. ನಾಲ್ಕೈದು ಜೋಳದ ರೊಟ್ಟಿ, ಅಂದರೆ 300 ಗ್ರಾಂ ಹಿಟ್ಟು: 30 ಗ್ರಾಂ. ತೊಗರಿ ಬೇಳೆ ನೂರು ಗ್ರಾಂ, ಎರಡು ಹೊತ್ತಿಗೆ ಹಂಚಿ, ಗಟ್ಟಿಯಾಗಿ: 22. ನಾಲ್ಕು ಮೊಟ್ಟೆ: 24. ಅರ್ಧ ಲೀಟರ್ ಎಮ್ಮೆ ಹಾಲು: 18. ಒಂದು ಹಿಡಿ, 50 ಗ್ರಾಂ, ಹುರಿದ ಶೇಂಗಾ: 12. ಕೂಡಿಸಿದರೆ 106. ಮೊಟ್ಟೆ ತಿನ್ನದ ಮನೆಯಾದರೆ ಆ ಜಾಗಕ್ಕೆ ಇನ್ನೂ ಅರ್ಧ ಲೀಟರ್ ಹಾಲಿನ ಮೊಸರು, ಮೊಳಕೆ ಮಡಕಿ ಕಾಳು. ಇಷ್ಟಕ್ಕೂ ಈಗಿನ ಕಿರಾಣಿ ದರದಲ್ಲಿ ತಿಂಗಳಿಗೆ ಸುಮಾರು 2,700ರಿಂದ 3,000 ರೂಪಾಯಿ, ಅದೂ ಅವಳು ಹೇಗೂ ಉಣ್ಣುತ್ತಿದ್ದ ಜೋಳ, ಬೇಳೆ ಸೇರಿ. ತಪ್ಪಾಗುವುದು ಎಲ್ಲಿ ಅಂದರೆ ಬೇಳೆಯಲ್ಲಿ. ತೊಗರಿ ಕಣಜದಲ್ಲೇ ಕೂತು ತಿಳಿಸಾರು ಮಾಡಿ, ತಳದ ಬೇಳೆ ಗಂಡುಮಕ್ಕಳ ತಾಟಿಗೆ, ಮೇಲಿನ ನೀರು ಹುಡುಗಿಯ ತಾಟಿಗೆ. ಆಡುವವಳು ಅವಳು.

ರಕ್ತದ ಬಗ್ಗೆಯೂ ಒಂದು ಮಾತು. ತಿಂಗಳ ಮುಟ್ಟು, ಮೇಲೆ ದಿನಕ್ಕೆ ಎರಡು ಹೊತ್ತಿನ ಕಸರತ್ತು, ಕಬ್ಬಿಣದ ಅಂಶ ಬೇಗ ಖಾಲಿಯಾಗುತ್ತದೆ. ಆರು ತಿಂಗಳಿಗೊಮ್ಮೆ ಹಿಮೋಗ್ಲೋಬಿನ್ ನೋಡಿಸಿ, 12ಕ್ಕಿಂತ ಕೆಳಗಿದ್ದರೆ ವೈದ್ಯರ ಬಳಿ ಹೋಗಿ. ಎರಡನೇ ಸುತ್ತಿನಲ್ಲಿ ಏದುಸಿರು ಬಿಡುವ ಹುಡುಗಿಗೆ ‘ದಮ್ಮಿಲ್ಲ’ ಅಂತ ಇನ್ನಷ್ಟು ಬಸ್ಕಿ ಹೊಡೆಸುತ್ತಾರೆ; ಎಷ್ಟೋ ಸಲ ಕೊರತೆ ಇರುವುದು ದಮ್ಮಿನಲ್ಲಲ್ಲ, ರಕ್ತದಲ್ಲಿ. ಪುಂಡಿ ಪಲ್ಯ, ನುಗ್ಗೆ ಸೊಪ್ಪು ಒಳ್ಳೆಯದು, ಮೇಲೆ ನಿಂಬೆಹುಳಿ ಹಿಂಡಿ. ಊಟದ ಬೆನ್ನಿಗೇ ಚಹಾ ಕುಡಿದರೆ ಆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಒಂದು ತಾಸು ತಡೆಯಿರಿ.

ಕಣದ ವಿಷಯ. ಕಲಬುರಗಿ, ಯಾದಗಿರಿ ಕಡೆಯದು ಬಹುಪಾಲು ಯರಿ ಭೂಮಿ. ಒಣಗಿದರೆ ಕಲ್ಲು, ನೆನೆದರೆ ಅಂಟು, ಕುಸ್ತಿಗೆ ಎರಡೂ ಬೇಡ. ಕೆಂಪು ಮಣ್ಣು ತಂದು ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆರಸ, ಕರ್ಪೂರ ಬೆರೆಸಿ ಹದ ಮಾಡಬೇಕು. ಬೀದರಿನವರಿಗೆ ಆ ಚಿಂತೆ ಕಡಿಮೆ, ಕೆಂಪು ನೆಲ ಕಾಲ ಕೆಳಗೇ ಇದೆ. ಮಣ್ಣಿನ ತಾಲೀಮು ಹಿಡಿತ ಕೊಡುತ್ತದೆ, ಭಯ ಬಿಡಿಸುತ್ತದೆ, ಕತ್ತು–ಸೊಂಟ ಗಟ್ಟಿ ಮಾಡುತ್ತದೆ. ಆದರೆ ಸರ್ಟಿಫಿಕೇಟ್ ಸಿಗುವುದು ಮ್ಯಾಟಿನ ಮೇಲೆ. ಅಲ್ಲಿ ಒಂಬತ್ತು ಮೀಟರ್ ಅಗಲದ ವೃತ್ತ, ಸೀನಿಯರ್ ಮಟ್ಟದಲ್ಲಿ ಮೂರು ನಿಮಿಷದ ಎರಡು ಸುತ್ತು, ನಡುವೆ ಮೂವತ್ತು ಸೆಕೆಂಡು. ಎದುರಾಳಿಯನ್ನು ಕೆಳಗೆ ತಂದು ಹಿಡಿತಕ್ಕೆ ತೆಗೆದುಕೊಂಡರೆ ಎರಡು ಅಂಕ, ನಿಂತಲ್ಲಿಂದ ಎತ್ತಿ ನೇರ ಬೆನ್ನ ಮೇಲೆ ಒಗೆದರೆ ನಾಲ್ಕು, ವೃತ್ತದಾಚೆ ತಳ್ಳಿದರೆ ಒಂದು, ಹತ್ತು ಅಂಕದ ಅಂತರವಾದರೆ ಕುಸ್ತಿ ಅಲ್ಲಿಗೇ ಮುಗಿಯಿತು. ಮಣ್ಣಿನಲ್ಲಿ ಪಳಗಿದವಳು ಮ್ಯಾಟಿಗೆ ಬಂದಾಗ ಮೊದಲು ಸೋಲುವುದು ಕಾಲಿನಿಂದ. ಮಣ್ಣು ಕಾಲನ್ನು ಹಿಡಿದು ನಿಧಾನ ಮಾಡುತ್ತದೆ, ಆಟ ಕತ್ತು–ತೋಳಿನದು. ಮ್ಯಾಟಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಎದುರಿನವಳು ಮೊಣಕಾಲಿಗೆ ನುಗ್ಗಿರುತ್ತಾಳೆ. ಹದಿಮೂರು, ಹದಿನಾಲ್ಕರ ಒಳಗೆ ಮ್ಯಾಟ್ ಸಿಗದಿದ್ದರೆ ಈ ಚಾಳಿ ಬಿಡಿಸುವುದು ಕಷ್ಟ.

ಜಾತ್ರೆ ಕುಸ್ತಿಗೆ ಕಳಿಸಬೇಕೋ ಬೇಡವೋ? ಕಳಿಸಿ, ಎರಡು ಷರತ್ತಿನ ಮೇಲೆ. ಅಲ್ಲಿ ಜೋಡಿ ಕಟ್ಟುವುದು ಕಣ್ಣಳತೆಯಲ್ಲಿ, ಭುಜಕ್ಕೆ ಭುಜ ನಿಲ್ಲಿಸಿ. ಕಣ್ಣಿಗೆ ಸಮ ಕಂಡವರ ನಡುವೆ ಎಂಟು ಕೆಜಿ ವ್ಯತ್ಯಾಸ ಇರಬಹುದು. ಎದುರಾಳಿಯ ತೂಕ ಕೇಳಿ, ಐದು ಕೆಜಿಗಿಂತ ಹೆಚ್ಚಿದ್ದರೆ ಬೇಡ ಅನ್ನಿ. ಎರಡನೆಯದು, ಜನ ಸೇರಿಸಲು ‘ಹುಡುಗಿ ವಿರುದ್ಧ ಹುಡುಗ’ ಅಂತ ಕೂಗಿಸುವ ಕುಸ್ತಿ. ತಾಲೀಮಿನಲ್ಲಿ ವಸ್ತಾದರ ಕಣ್ಣೆದುರು ಹುಡುಗರ ಜೊತೆ ಅಭ್ಯಾಸ ಬೇರೆ, ಅದು ಆಗಲೇಬೇಕು. ನಮ್ಮ ಊರುಗಳಲ್ಲಿ ಸಮತೂಕದ ಇನ್ನೊಬ್ಬ ಹುಡುಗಿ ಸಿಗುವುದೇ ಅಪರೂಪ. ಮೈಕಿನ ಮುಂದೆ ತಮಾಷೆಗೆ ನಿಲ್ಲಿಸುವುದು ಬೇರೆ. ಹೆಣ್ಣುಮಕ್ಕಳ ಮರ್ಯಾದೆಯ ಕಣಗಳು ಈಗ ಬೇಕಾದಷ್ಟಿವೆ. ಮೈಸೂರು ದಸರಾದಲ್ಲಿ ದಸರಾ ಕಿಶೋರಿ ಪಟ್ಟ ಇದೆ. ಸೊಲ್ಲಾಪುರದಾಚೆ ಮಹಾರಾಷ್ಟ್ರದಲ್ಲಿ 2023ರಿಂದ ಹೆಣ್ಣುಮಕ್ಕಳಿಗೇ ಮಹಾರಾಷ್ಟ್ರ ಕೇಸರಿ ಶುರುವಾಗಿದೆ. ಸಾಂಗ್ಲಿಯಲ್ಲಿ ನಡೆದ ಮೊದಲ ವರ್ಷದ ಗದೆ ಗೆದ್ದವರು ಪ್ರತೀಕ್ಷಾ ಬಾಗಡಿ.

ಈಗ ಕಿವಿ. ಮ್ಯಾಟಿಗೋ ಎದುರಾಳಿಯ ತಲೆಗೋ ಉಜ್ಜಿ ಉಜ್ಜಿ ಕಿವಿಯ ಮೃದ್ವಸ್ಥಿ ಮತ್ತು ಅದರ ಮೇಲಿನ ಪೊರೆಯ ನಡುವೆ ರಕ್ತ ಸೇರುತ್ತದೆ. ಮುಟ್ಟಿದರೆ ಮೆತ್ತಗೆ, ಬಿಸಿ, ನೀರು ತುಂಬಿದ ಪುಗ್ಗೆಯ ಹಾಗೆ. ಮೃದ್ವಸ್ಥಿಗೆ ಆಹಾರ ಬರುವುದು ಆ ಪೊರೆಯಿಂದಲೇ. ಎರಡೂ ಬೇರ್ಪಟ್ಟರೆ ಅದು ಸಾಯುತ್ತದೆ, ಜಾಗದಲ್ಲಿ ಗಂಟುಗಂಟಾಗಿ ಗಡಸು ಬೆಳೆದು ಕಿವಿ ಮುದುಡುತ್ತದೆ. ಒಮ್ಮೆ ಗಡಸಾದ ಮೇಲೆ ಶಸ್ತ್ರಚಿಕಿತ್ಸೆ ಬಿಟ್ಟು ದಾರಿಯಿಲ್ಲ. ಹಾಗಾಗಿ ಊತ ಕಂಡ ದಿನವೇ ಐಸ್ ಇಡಿ, ಒಂದೆರಡು ದಿನದೊಳಗೆ ಕಿವಿ–ಮೂಗು–ಗಂಟಲು ವೈದ್ಯರ ಬಳಿ ರಕ್ತ ತೆಗೆಸಿ. ಬರೀ ತೆಗೆಸಿದರೆ ಸಾಲದು, ಮತ್ತೆ ತುಂಬದ ಹಾಗೆ ಎರಡೂ ಕಡೆ ಒತ್ತಿ ಪಟ್ಟಿ ಕಟ್ಟಬೇಕು, ಅದು ಬಿಚ್ಚುವವರೆಗೆ ಕುಸ್ತಿ ಬಂದ್. ತಾಲೀಮಿನಲ್ಲೇ ಸಿರಿಂಜು ಚುಚ್ಚಿ ತೆಗೆಯುವ ಉಮೇದಿನವರನ್ನು ದೂರ ಇಡಿ. ಕೀವಾದರೆ ಇಡೀ ಕಿವಿ ಹೋಗುತ್ತದೆ. ಅಭ್ಯಾಸದಲ್ಲಿ ಇಯರ್ ಗಾರ್ಡ್ ಹಾಕಿಸಿದರೆ ಇದರಲ್ಲಿ ಬಹಳಷ್ಟು ತಪ್ಪುತ್ತದೆ. ‘ಕಿವಿ ಮುರದಿದ್ರನ ಪೈಲ್ವಾನ್’ ಅನ್ನುವ ಜಂಬ ಹುಡುಗರಿಗೆ ಇರಲಿ.

ಚರ್ಮದ ಕಾಟ ಕಿವಿಗಿಂತ ದೊಡ್ಡದು, ಆದರೆ ಮಾತಾಡುವವರಿಲ್ಲ. ಗಜಕರ್ಣ ಒಬ್ಬಳಿಗೆ ಬಂದರೆ ಹದಿನೈದು ದಿನದಲ್ಲಿ ಇಡೀ ತಾಲೀಮಿಗೆ ಹಬ್ಬುತ್ತದೆ. ಮೆಡಿಕಲ್‌ನವರು ಕೇಳದೆ ಕೊಡುವ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಮೂರು ದಿನದಲ್ಲಿ ತುರಿಕೆ ನಿಂತು ವಾಸಿಯಾಯಿತು ಅನ್ನಿಸುತ್ತದೆ, ಬಿಟ್ಟ ಕೂಡಲೇ ಎರಡು ಪಟ್ಟು ಅಗಲವಾಗಿ ಹಿಂದಿರುಗುತ್ತದೆ, ಆಮೇಲೆ ಸರಿಯಾದ ಔಷಧಿಗೂ ಜಗ್ಗದು. ಚರ್ಮವೈದ್ಯರು ಹೇಳಿದಷ್ಟು ವಾರ ಪೂರ್ತಿ ಹಚ್ಚಿ. ಮ್ಯಾಟ್ ಒರೆಸಲು ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ನೂರು ಪಾಲು ನೀರು, ಹತ್ತು ನಿಮಿಷ ಒದ್ದೆಯಾಗಿಯೇ ಬಿಟ್ಟು ಆಮೇಲೆ ಒಣಗಿಸಬೇಕು. ಕುಸ್ತಿ ಬಟ್ಟೆ ದಿನಾ ಒಗೆದು ಬಿಸಿಲಿಗೆ ಹಾಕಿ. ಹುಡುಗಿಯ ಬಟ್ಟೆ ಕಾಣಬಾರದು ಅಂತ ಒಳಗಿನ ಕತ್ತಲೆ ಕೋಣೆಯಲ್ಲಿ ಒಣಹಾಕುವ ಮನೆಗಳಲ್ಲೇ ಗಜಕರ್ಣ ಹೋಗುವುದಿಲ್ಲ.

ಲಗ್ನದ ಪ್ರಶ್ನೆಗೆ ನಾನು ಬುದ್ಧಿ ಹೇಳಲು ಹೋಗುವುದಿಲ್ಲ, ಆದದ್ದನ್ನು ಹೇಳುತ್ತೇನೆ. ಗೀತಾ ಫೋಗಟ್ ಮದುವೆಯಾದದ್ದು ಪೈಲ್ವಾನ ಪವನ್ ಸರೋಹಾ ಅವರನ್ನು. ಸಾಕ್ಷಿ ಮಲಿಕ್ ಅವರ ಪತಿ ಸತ್ಯವರ್ತ್ ಕಾದಿಯಾನ್, ವಿನೇಶ್ ಅವರ ಪತಿ ಸೋಮವೀರ್ ರಾಠಿ, ಸಂಗೀತಾ ಫೋಗಟ್ ಅವರ ಪತಿ ಬಜರಂಗ್ ಪೂನಿಯಾ, ಎಲ್ಲರೂ ಕುಸ್ತಿಯವರೇ. ಮದುವೆಯ ಮರುತಿಂಗಳೇ ಸೊಸೆ ಏಕೆ ಹೋಳಿಗೆ ಮುಟ್ಟುತ್ತಿಲ್ಲ, ನಸುಕಿಗೆ ಏಕೆ ಓಡುತ್ತಾಳೆ ಅಂತ ಆ ಮನೆಗಳಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಹರಿಯಾಣದ ಕವಿತಾ ದಲಾಲ್ ಮದುವೆಯಾಗಿ, ಒಂದು ಮಗುವಾದ ಮೇಲೆ ಭಾರ ಎತ್ತುವ ಸ್ಪರ್ಧೆಯಲ್ಲಿ 2016ರ ದಕ್ಷಿಣ ಏಷ್ಯಾ ಕ್ರೀಡಾಕೂಟದ ಚಿನ್ನ ಗೆದ್ದರು. ಆಮೇಲೆ ಜಲಂಧರಿನಲ್ಲಿ ಟಿವಿ ಕುಸ್ತಿಪಟು ಖಲಿಯ ಅಕಾಡೆಮಿ ಸೇರಿ, 2017ರಲ್ಲಿ ಸಲ್ವಾರ್ ಕಮೀಜಿನಲ್ಲೇ ಡಬ್ಲ್ಯುಡಬ್ಲ್ಯುಇ ರಿಂಗಿಗೆ ಇಳಿದರು, ಭಾರತದಿಂದ ಹೋದ ಮೊದಲ ಹೆಣ್ಣುಮಗಳಾಗಿ. ಟಿವಿಯ ಆ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿರುತ್ತದೆ, ಆದರೆ ಬೀಳುವ ಮೈ ನಿಜದ್ದೇ. ಹುಡುಗಿ ಆ ಕಡೆ ಮನಸ್ಸು ಮಾಡಿದರೂ ಅಡಿಪಾಯ ಇದೇ ತಾಲೀಮು, ಇದೇ ಖುರಾಕು.

ನೌಕರಿಯದು ಕಾಗದದ ಕುಸ್ತಿ. ಕ್ರೀಡಾ ವಸತಿ ನಿಲಯಕ್ಕೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯವರು ಆಯ್ಕೆ ನಡೆಸುತ್ತಾರೆ. ಕಲಬುರಗಿಯವರು ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ, ಬೀದರಿನವರು ನೆಹರೂ ಕ್ರೀಡಾಂಗಣಕ್ಕೆ ಹೋಗಿ ವಿಚಾರಿಸುವುದು ಒಳ್ಳೆಯದು. ಪತ್ರಿಕೆಯಲ್ಲಿ ಬರುವಷ್ಟರಲ್ಲಿ ದಿನ ಕಡಿಮೆ ಉಳಿದಿರುತ್ತದೆ. ಆಯ್ಕೆಯಲ್ಲಿ ಕುಸ್ತಿ ಪಟ್ಟುಗಳಿಗಿಂತ ಮೊದಲು ಎತ್ತರ, ಓಟ, ನಿಂತಲ್ಲಿಂದ ಉದ್ದ ಜಿಗಿತ, ಶಟಲ್ ಓಟ, 800 ಮೀಟರ್ ಇವೆಲ್ಲ ನೋಡುತ್ತಾರೆ. ಬರೀ ಕುಸ್ತಿ ಕಲಿತ ಹುಡುಗಿ 800 ಮೀಟರಿನಲ್ಲೇ ಹಿಂದೆ ಬೀಳುತ್ತಾಳೆ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಯ ಪಟ್ಟಿಗೆ ಸೇರಿದರೆ ಕೈಖರ್ಚಿಗೆ ತಿಂಗಳಿಗೆ 10,000 ರೂಪಾಯಿ.

ರೈಲ್ವೆ, ಪೊಲೀಸ್, ಕೇಂದ್ರದ ಸಶಸ್ತ್ರ ಪಡೆಗಳಲ್ಲಿ ಕ್ರೀಡಾ ಕೋಟಾ ಇದೆ. ಕೇಂದ್ರ ಸರ್ಕಾರದ ನೇಮಕಾತಿಗೆ ಪದಕದ ಫೋಟೊ, ಪೇಪರ್ ಕಟಿಂಗ್ ಯಾವುದೂ ನಡೆಯದು, ನಿಗದಿತ ಫಾರ್ಮು ಬೇಕು. ದೇಶಕ್ಕೆ ಆಡಿದ್ದರೆ ಫಾರ್ಮ್ 1, ರಾಜ್ಯದ ಪರ ರಾಷ್ಟ್ರಮಟ್ಟದಲ್ಲಿ ಆಡಿದ್ದರೆ ರಾಜ್ಯ ಸಂಸ್ಥೆಯಿಂದ ಫಾರ್ಮ್ 2, ಅಂತರ ವಿಶ್ವವಿದ್ಯಾಲಯಕ್ಕೆ ಫಾರ್ಮ್ 3, ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ಫಾರ್ಮ್ 4. ಪಂದ್ಯ ಮುಗಿದ ವರ್ಷವೇ ಸಹಿ ಹಾಕಿಸಿಕೊಳ್ಳಿ. ಐದು ವರ್ಷ ಬಿಟ್ಟು ಹೋದರೆ ಸಹಿ ಹಾಕಬೇಕಾದವರು ಬದಲಾಗಿರುತ್ತಾರೆ, ದಾಖಲೆ ಪುಸ್ತಕ ಸಿಗುವುದಿಲ್ಲ. ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ್ ಮೂರರಲ್ಲೂ ಹುಟ್ಟಿದ ದಿನಾಂಕ, ಹೆಸರಿನ ಕಾಗುಣಿತ ಒಂದೇ ಇರಲಿ. ಒಂದು ವರ್ಷ ಚಿಕ್ಕವಳಾಗಿ ತೋರಿಸಿ ಪದಕ ಹೊಡೆಯೋಣ ಅನ್ನುವ ಸಲಹೆ ಕೊಡುವವರು ನಿಷೇಧ ಬಿದ್ದಾಗ ಪಕ್ಕದಲ್ಲಿ ನಿಲ್ಲುವುದಿಲ್ಲ.

ಊರು ಬಿಟ್ಟು ಕಳಿಸುವಾಗ ಅವ್ವಂದಿರು ಕೇಳಲೇಬೇಕಾದ ಮಾತುಗಳಿವೆ, ಸಂಕೋಚ ಬೇಡ. ತಂಡದ ಜೊತೆ ಹೆಣ್ಣುಮಗಳು ಯಾರು ಬರುತ್ತಾರೆ? ಕೋಣೆಯಲ್ಲಿ ಎಷ್ಟು ಮಂದಿ, ಬೀಗದ ಕೈ ಯಾರ ಹತ್ತಿರ? ರಾತ್ರಿ ಫೋನ್ ಕೈಯಲ್ಲಿರುತ್ತದೆಯೇ? ಹೆಣ್ಣುಮಕ್ಕಳಿರುವ ತಂಡದ ಜೊತೆ ಮಹಿಳಾ ಕೋಚ್ ಇರಲೇಬೇಕು ಅಂತ ಭಾರತೀಯ ಕ್ರೀಡಾ ಪ್ರಾಧಿಕಾರ 2022ರಲ್ಲೇ ಹೇಳಿದೆ. 2023ರ ಜನವರಿಯಲ್ಲಿ ದೇಶದ ಹೆಸರಾಂತ ಪೈಲ್ವಾನರು ಕುಸ್ತಿ ಒಕ್ಕೂಟದ ಅಂದಿನ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತದ್ದನ್ನು ಮರೆಯಬಾರದು.

ಪಂದ್ಯದ ಹಿಂದಿನ ರಾತ್ರಿ ಉಗುರು ಕತ್ತರಿಸಿ, ಹೆರಳು ಬಿಗಿಯಾಗಿ ಹಾಕಿ. ಪಿನ್ನು, ಕ್ಲಿಪ್ಪು ಒಂದೂ ಬೇಡ, ಬರೀ ರಬ್ಬರ್. ಕೆಂಪು, ನೀಲಿ ಎರಡೂ ಬಣ್ಣದ ಕಾಸ್ಟ್ಯೂಮ್ ಚೀಲದಲ್ಲಿರಲಿ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಚಹಾ ಚಮಚೆಯಲ್ಲಿ ಆರು ಸಮ ಸಕ್ಕರೆ, ಅರ್ಧ ಉಪ್ಪು ಕಲಸಿದ ಬಾಟಲಿ ಒಂದು. ತೂಕ ಮುಗಿದ ಕೂಡಲೇ ಗಟಗಟ ಕುಡಿಯಲು ಬಿಡಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಹತ್ತು ನಿಮಿಷಕ್ಕೆ ಅರ್ಧ ಲೋಟ. ಆಮೇಲೆ ಬಾಳೆಹಣ್ಣು, ಮೊಸರನ್ನ ಒಂದು ಬಟ್ಟಲು. ಮೊದಲ ಕುಸ್ತಿಯಲ್ಲಿ ಸೋತರೂ ಶೂ ಬಿಚ್ಚಬೇಡಿ, ಬಸ್ ಸ್ಟ್ಯಾಂಡಿಗೆ ಹೊರಡಬೇಡಿ. ಅವಳನ್ನು ಸೋಲಿಸಿದವಳು ಫೈನಲ್ ತಲುಪಿದರೆ ರೆಪೆಷಾಜ್‌ನಲ್ಲಿ ಮತ್ತೆ ಅವಕಾಶ ಬರುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕ್ವಾರ್ಟರ್ ಫೈನಲ್‌ನಲ್ಲಿ ಸೋತ ಮೇಲೆ ಈ ದಾರಿಯಿಂದಲೇ ಬಂದು, ಕೊನೆಯ ಕುಸ್ತಿಯಲ್ಲಿ 0–5 ಹಿಂದಿದ್ದವರು 8–5ರಿಂದ ಗೆದ್ದು ಕಂಚು ತಂದರು. ಮನೆಯಿಂದ ಕಟ್ಟಿ ತಂದ ಶೇಂಗಾ ಹೋಳಿಗೆ ಚೀಲದ ತಳದಲ್ಲೇ ಇರಲಿ, ಕೊನೆಯ ಕುಸ್ತಿ ಮುಗಿದ ಮೇಲೆ ಬಿಚ್ಚಿದರಾಯಿತು. ಮರುದಿನ ಫೈನಲ್ ಇದೆ ಅಂದರೆ ಇವತ್ತು ಅದೂ ಇಲ್ಲ, ಬೆಳಿಗ್ಗೆ ಮತ್ತೆ ಕಾಟಾ ಇದೆ.